ಮೂವತ್ತು-ನಲವತ್ತರ ನಿವೇಶನದಲ್ಲಿ ಋತುಚಕ್ರ

'ಬೆಂಗಳೂರಿಗೆ ಋತುಗಳೇ ಇಲ್ಲ, ವರ್ಷವಿಡೀ ಒಂದೇ ಹವೆ' ಎಂಬುದು ಹೊರಗಿನಿಂದ ಬಂದವರು ಮೆಚ್ಚುಗೆಯಿಂದಲೂ, ಇಲ್ಲಿಯೇ ಹುಟ್ಟಿ ಬೆಳೆದವರು ಕೊಂಚ ಹೆಮ್ಮೆಯಿಂದಲೂ ಆಡುವ ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ದಾಖಲಾಗಿರುವ ಗರಿಷ್ಠ ಉಷ್ಣಾಂಶ 39.2 ಡಿಗ್ರಿ (ಏಪ್ರಿಲ್ 2016), ಕನಿಷ್ಠ 7.8 ಡಿಗ್ರಿ (ಜನವರಿ 1884). ರಾಯಚೂರಿನ ಬಿಸಿಲನ್ನೂ ಆಗುಂಬೆಯ ಮಳೆಯನ್ನೂ ಬಲ್ಲವರಿಗೆ ಇದು ಋತುಮಾನವೆಂದೇ ತೋರದಿದ್ದರೆ ಆಶ್ಚರ್ಯವಿಲ್ಲ. ಆದರೆ ಋತುಗಳನ್ನು ಉಷ್ಣಮಾಪಕದಲ್ಲಷ್ಟೇ ಹುಡುಕುವುದು ಸರಿಯಲ್ಲ. ಅವು ಗಿಡಮರಗಳ ಮೇಲೆ ಬರುತ್ತವೆ. ಅವನ್ನು ಬರಮಾಡಿಕೊಳ್ಳಲು ಮನೆಯ ಸುತ್ತ ನಾಲ್ಕಡಿ ಮಣ್ಣಾದರೂ ಉಳಿದಿರಬೇಕು.

ಆ ನಾಲ್ಕಡಿ ಮಣ್ಣಿಗೇ ಈಗ ಸಂಚಕಾರ. ಮಕ್ಕಳು ಊರು ಬಿಟ್ಟು, ಗಂಡ-ಹೆಂಡತಿ ಇಬ್ಬರೇ ಉಳಿದಿರುವ ಹಳೆಯ ಬಡಾವಣೆಗಳ ಮನೆಗಳಲ್ಲಿ ಮೊದಲು ನಡೆಯುವ ಕಾಮಗಾರಿಯೆಂದರೆ ಅಂಗಳಕ್ಕೆ ಸಿಮೆಂಟ್ ಹಾಕಿಸುವುದು. ಕಾರಣಗಳು ನ್ಯಾಯವಾದವೇ: ಕಾರು ನಿಲ್ಲಿಸಬೇಕು, ಕೆಸರಾಗಬಾರದು, ಮಂಡಿನೋವಿನವರು ಬಗ್ಗಿ ಎಲೆ ಗುಡಿಸುವುದು ತಪ್ಪಬೇಕು. ನಮ್ಮ ಮನೆಯಲ್ಲಿಯೂ ಈ ಪ್ರಸ್ತಾಪ ಮೂರು ವರ್ಷಗಳಿಂದ ಇದೆ. ಗೇಟಿನ ಪಕ್ಕದ ಹೊಂಗೆ, ಹಿತ್ತಲಿನ ಕರಿಬೇವು, ಪಾರಿಜಾತ, ದುಂಡುಮಲ್ಲಿಗೆಯ ಒಂದು ಪಾತಿ, ಕಾಂಪೌಂಡಿಗೆ ಹಬ್ಬುವ ಅವರೆ ಬಳ್ಳಿ: ನಮ್ಮ ಕೈತೋಟವೆಂದರೆ ಇಷ್ಟೇ. ಮೇಸ್ತ್ರಿ ಅಳತೆ ಮಾಡಿಕೊಂಡು ಹೋದಾಗಲೆಲ್ಲ ನನ್ನ ಪತ್ನಿ, "ಮಲ್ಲಿಗೆ ಮುಗಿಯಲಪ್ಪಾ, ಆಮೇಲೆ ನೋಡೋಣ" ಎನ್ನುತ್ತಾಳೆ. ಮಲ್ಲಿಗೆ ಮುಗಿಯುವ ಹೊತ್ತಿಗೆ ಪಾರಿಜಾತ ಮೊಗ್ಗಾಗಿರುತ್ತದೆ.

ಋತುಗಳ ಲೆಕ್ಕ ನಮ್ಮಲ್ಲಿ ಒಂದಲ್ಲ, ಮೂರು. ಪಂಚಾಂಗದ್ದು ಆರು ಋತುಗಳು. ಹವಾಮಾನ ಇಲಾಖೆ ವರ್ಷವನ್ನು ಚಳಿಗಾಲ, ಮುಂಗಾರುಪೂರ್ವ ಬೇಸಿಗೆ, ನೈಋತ್ಯ ಮಾರುತ, ಹಿಂಗಾರು ಎಂದು ನಾಲ್ಕಾಗಿ ಹಂಚುತ್ತದೆ. ರೈತರದ್ದು ಮಳೆನಕ್ಷತ್ರಗಳ ಎಣಿಕೆ. ಚಾಂದ್ರಮಾನದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದರೆ 2025ರಲ್ಲಿ ಮಾರ್ಚ್ 30ಕ್ಕೇ ಬಂದಿತು. ಗಿಡಗಳು ಇದನ್ನು ಕಾಯುವುದಿಲ್ಲ. ಅವು ಓದುವುದು ಹಗಲಿನ ಉದ್ದವನ್ನು, ಮಣ್ಣಿನ ತೇವವನ್ನು ಮತ್ತು ಗಾಳಿಯ ಬಿಸಿಯನ್ನು.

ಗೇಟಿನ ಹೊಂಗೆಯನ್ನೇ ನೋಡಿ. ಮಾಘ ಕಳೆಯುವಷ್ಟರಲ್ಲಿ ಎಲೆಗಳು ಹಳದಿಗೆ ತಿರುಗಿ ರಾಶಿರಾಶಿಯಾಗಿ ಉದುರುತ್ತವೆ. ಮಳೆ ನಿಂತು ತಿಂಗಳುಗಳೇ ಆಗಿರುತ್ತವೆ, ಮುಂದಿನ ಮಳೆ ಇನ್ನೂ ದೂರ. ಅಂತಹ ಹೊತ್ತಿನಲ್ಲಿಯೇ, ಕೆಲವೇ ದಿನಗಳ ಅಂತರದಲ್ಲಿ, ಮರವು ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು ಚಿಗುರನ್ನು ಹೊದೆಯುತ್ತದೆ. ಅದರ ಹಿಂದೆಯೇ ನಸುನೇರಳೆ ಛಾಯೆಯ ಹೂಗಳು. ನೀರೇ ಇಲ್ಲದ ಕಾಲದಲ್ಲಿ ಈ ವೈಭವ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ಉತ್ತರ ಎಲೆ ಉದುರುವುದರಲ್ಲಿಯೇ ಇದೆ. ಮರವು ನೀರನ್ನು ಕಳೆದುಕೊಳ್ಳುವುದು ಮುಖ್ಯವಾಗಿ ಎಲೆಗಳ ಮೂಲಕ. ಹಳೆಯ ಎಲೆಗಳು ಬಿದ್ದೊಡನೆ ಆ ಸೋರಿಕೆ ನಿಲ್ಲುತ್ತದೆ. ಬೇರುಗಳು ಆಳದಿಂದ ಎಳೆದ ನೀರು ಕಾಂಡ-ಕೊಂಬೆಗಳಲ್ಲಿ ತುಂಬಿಕೊಳ್ಳುತ್ತದೆ. ಆ ಸಂಚಿತ ನೀರೇ ಚಿಗುರಿಗೂ ಹೂವಿಗೂ ಬಂಡವಾಳ. ಹೊಸ ಎಲೆಗಳು ಬಲಿತು ನಿಲ್ಲುವ ಹೊತ್ತಿಗೆ ಮಳೆ ಆರಂಭವಾಗುತ್ತದೆ. ಬಯಲುಸೀಮೆಯ ಕಾಡಂಚಿನ ಮುತ್ತುಗ ಇನ್ನೂ ಒಂದು ಹೆಜ್ಜೆ ಮುಂದೆ: ಎಲೆಯಿಲ್ಲದ ಕೊಂಬೆಗಳಲ್ಲಿ ಹೂ ಬಿಡುವುದರಿಂದ ಹಕ್ಕಿಗಳಿಗೆ ಅದು ದೂರದಿಂದಲೇ ಕಾಣುತ್ತದೆ, ಬೀಜಗಳು ಮುಂಗಾರಿನ ಹೊತ್ತಿಗೆ ನೆಲಕ್ಕೆ ಬೀಳುತ್ತವೆ.

ಉದುರಿದ ಹೊಂಗೆ ಎಲೆಯ ವಿಷಯದಲ್ಲಿ ಒಂದು ಮಾತು. ಇದನ್ನು ಕಸವೆಂದು ಮೂಟೆ ಕಟ್ಟಿ ಹೊರಗಿಡುವವರು, ಒಂದು ತಲೆಮಾರಿನ ಹಿಂದೆ ಗದ್ದೆಗೆ ಇದೇ ಸೊಪ್ಪನ್ನು ಗಾಡಿಗಟ್ಟಲೆ ಹೊತ್ತು ಹಾಕುತ್ತಿದ್ದರೆಂಬುದನ್ನು ಮರೆತಿರುತ್ತಾರೆ. ಹೊಂಗೆ ದ್ವಿದಳ ಜಾತಿಯ ಮರ, ಅದರ ಸೊಪ್ಪು ಸಾರಜನಕಯುಕ್ತ ಗೊಬ್ಬರ. ತರಗೆಲೆಯನ್ನು ಗುಡಿಸಿ ಹೊರಸಾಗಿಸುವ ಬದಲು ಕಾಲಿನಿಂದಲೇ ಮಲ್ಲಿಗೆಯ ಪಾತಿಗೆ ತಳ್ಳಿದರೆ ಸಾಕು. ಮಂಡಿಗೂ ವಿಶ್ರಾಂತಿ, ಪಾತಿಯ ತೇವವೂ ಆರದು. ಚಳಿಗಾಲದಲ್ಲಿ ಸವರಿದ ದುಂಡುಮಲ್ಲಿಗೆ ಹೊಸ ಕುಡಿಗಳಲ್ಲಿಯೇ ಮೊಗ್ಗು ಹಿಡಿಯುವುದರಿಂದ ಮಾರ್ಚ್ ಹೊತ್ತಿಗೆ ಅದಕ್ಕೆ ಈ ತೇವ ಬೇಕೇ ಬೇಕು.

ಬೇಸಿಗೆಯ ನೆತ್ತಿಬಿಸಿಲಿಗೂ ಒಂದು ದಿನಾಂಕವಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ, ಮಧ್ಯಾಹ್ನ ಸುಮಾರು 12 ಗಂಟೆ 18 ನಿಮಿಷಕ್ಕೆ ಬೆಂಗಳೂರಿನಲ್ಲಿ ಸೂರ್ಯ ನಿಖರವಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆ ಕ್ಷಣ ನೆರಳೇ ಇರುವುದಿಲ್ಲ. ಧಾರವಾಡದಲ್ಲಿ ಇದು ಮೇ ಮೊದಲ ವಾರ, ಕಲಬುರಗಿಯಲ್ಲಿ ಮೇ 10ರ ಸುಮಾರಿಗೆ. ಮತ್ತೆ ಆಗಸ್ಟ್ 18ರ ಹೊತ್ತಿಗೆ ಸೂರ್ಯ ಬೆಂಗಳೂರನ್ನು ದಾಟಿ ದಕ್ಷಿಣಕ್ಕೆ ಹೊರಳುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಬರುವುದು ಉತ್ತರದ ಕಡೆಯಿಂದ! ಚಳಿಗಾಲದಲ್ಲಿ ಬಿಸಿಲನ್ನೇ ಕಾಣದ ಉತ್ತರದ ಗೋಡೆಯ ಬದಿಯಲ್ಲಿ ಈ ನಾಲ್ಕು ತಿಂಗಳು ಮೆಣಸಿನ ಗಿಡವನ್ನೋ ಬದನೆಯನ್ನೋ ಧಾರಾಳವಾಗಿ ಬೆಳೆಯಬಹುದು. ದಕ್ಷಿಣದ ಗೋಡೆಗೆ ಒತ್ತಿಟ್ಟ ಕುಂಡಗಳು ಇದೇ ಕಾಲದಲ್ಲಿ ನೆರಳಿನಲ್ಲಿ ಸೊರಗುವುದೇಕೆಂಬುದೂ ಇದರಿಂದ ತಿಳಿಯುತ್ತದೆ. ಉತ್ತರ ಭಾರತ ಮೇ-ಜೂನ್‌ನಲ್ಲಿ ಬೇಯುವಾಗ ಬೆಂಗಳೂರಿನ ಸೆಕೆ ಏಪ್ರಿಲ್‌ನಲ್ಲಿಯೇ ತುದಿ ಮುಟ್ಟಿ ಇಳಿಯುವುದು ಮೇ ತಿಂಗಳ ಗುಡುಗುಮಳೆಯ ಕೃಪೆ.

ಆ ಮಳೆಯನ್ನು ನಮ್ಮ ಹಿರಿಯರು ಬರಿದೆ ಮಳೆಯೆನ್ನುತ್ತಿರಲಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ ಎಂದು ಹೆಸರಿಟ್ಟು ಕರೆಯುತ್ತಿದ್ದರು. ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ವರ್ಷದಲ್ಲಿ ಸುತ್ತುವುದರಿಂದ ಒಂದೊಂದರ ಪಾಳಿ ಹದಿಮೂರೂವರೆ ದಿನ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ', 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬ ಗಾದೆಗಳು ಈ ಲೆಕ್ಕದವು. ಇದು ಚಂದ್ರನದ್ದಲ್ಲ, ಸೂರ್ಯನ ಲೆಕ್ಕ. ಆದ್ದರಿಂದಲೇ ರೋಹಿಣಿ ಪ್ರತಿವರ್ಷ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ ತಪ್ಪದೆ ಹಿಡಿಯುತ್ತವೆ. ನಗರದ ಓಣಿಯಲ್ಲಿ ಜೋಳವಿಲ್ಲದಿದ್ದರೇನು, ರೋಹಿಣಿಯಲ್ಲಿ ನೆಟ್ಟ ಕಡ್ಡಿ ಬೇರು ಬಿಡುವಂತೆ ಮಾರ್ಚ್‌ನಲ್ಲಿ ನೆಟ್ಟದ್ದು ಬಿಡುವುದಿಲ್ಲ.

ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಸಾವಿರ ಮಿಲಿಮೀಟರ್; ಜೂನ್-ಜುಲೈಗಿಂತ ಸೆಪ್ಟೆಂಬರ್-ಅಕ್ಟೋಬರ್‌ನದ್ದೇ ಜೋರು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಮೂವತ್ತು-ನಲವತ್ತರ ನಿವೇಶನ ಸುಮಾರು 111 ಚದರ ಮೀಟರ್. ಅಂದರೆ ಒಂದು ವರ್ಷದಲ್ಲಿ ಈ ಅಂಗೈಯಗಲದ ಜಾಗಕ್ಕೆ ಸುರಿಯುವ ನೀರು ಒಂದು ಲಕ್ಷ ಲೀಟರಿಗೂ ಮಿಗಿಲು. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ಇಬ್ಬರಿಗೆ ಒಂದು ವರ್ಷ ಸಾಲುವ ನೀರದು. ಎಲ್ಲವನ್ನೂ ಸಂಪಿನಲ್ಲಿ ಹಿಡಿದಿಡಲಾಗದು, ನಿಜ. ಆದರೆ ಮಣ್ಣಿದ್ದಲ್ಲಿ ಇಂಗುತ್ತದೆ, ಸಿಮೆಂಟಿದ್ದಲ್ಲಿ ಚರಂಡಿಗೆ ಹರಿದು ಯಾರದೋ ತಗ್ಗಿನ ಮನೆಯೊಳಕ್ಕೆ ನುಗ್ಗುತ್ತದೆ.

2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ತೋಟಕ್ಕೂ ಕಾರು ತೊಳೆಯಲೂ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರನ್ನು ಮಲ್ಲಿಗೆಗೆ ಸುರಿಯಬಾರದೆಂಬುದು ತಕ್ಕುದೇ. ಆ ಬೇಸಿಗೆಯಲ್ಲಿ ನಮ್ಮ ತೋಟ ಬದುಕಿದ್ದು ಅಕ್ಕಿ-ಬೇಳೆ ತೊಳೆದ ನೀರಿನಿಂದ. ಹೂವು ಎಂದಿಗಿಂತ ಕಡಿಮೆಯಾಯಿತು, ಗಿಡ ಸಾಯಲಿಲ್ಲ.

ಮಳೆಗಾಲದ ವಿಶೇಷವೆಂದರೆ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಬ್ರಹ್ಮಕಮಲ. ಅರಳುವ ಸುದ್ದಿ ತಿಳಿದರೆ ಎದುರುಮನೆಯವರು ರಾತ್ರಿ ಹತ್ತು ಗಂಟೆಗೂ ಕುಂಕುಮದ ಬಟ್ಟಲಿನೊಂದಿಗೆ ಬರುತ್ತಾರೆ. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಮೆಕ್ಸಿಕೊ ಕಡೆಯ ಕಳ್ಳಿ ಎಂದು ಹೇಳಿ ಅವರ ಭಕ್ತಿಗೆ ಭಂಗ ತರುವ ಧೈರ್ಯ ನನಗಿಲ್ಲ.

ಬೀದಿಯ ಮರಗಳಲ್ಲಿಯೂ ಹೊರನಾಡಿನವು ಬಹಳ. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್, ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಆರಂಭಿಸುವಂತೆ ಬೀದಿಬೀದಿಗೆ ಮರಗಳನ್ನು ಆಯ್ದು ನೆಡಿಸಿದರು. ಟಬೂಬಿಯಾ, ಜಕರಂಡ, ಗುಲ್‌ಮೊಹರ್‌ಗಳು ಸರದಿ ತಪ್ಪದೆ ಬರುತ್ತಿರುವುದು ಆ ಯೋಜನೆಯ ಫಲ. ಮನೆಯ ತೋಟದಲ್ಲಿಯೂ ಇದೇ ಸೂತ್ರ ಹಿಡಿದರೆ ನಾಲ್ಕೈದು ಗಿಡಗಳಲ್ಲಿ ವರ್ಷ ತುಂಬಿಸಬಹುದು.

ಸರದಿಯ ಕೊನೆಯದು ಚಳಿಗಾಲದ ಅವರೆ. ಮಳೆಗಾಲದಲ್ಲಿ ಬಿತ್ತಿದ ಬಳ್ಳಿ ತಿಂಗಳುಗಟ್ಟಲೆ ಬರೀ ಎಲೆಯಾಗಿಯೇ ಹಬ್ಬುತ್ತದೆ. ಹಗಲು ಗಿಡ್ಡವಾಗಿ ಇರುಳು ಉದ್ದವಾದ ಮೇಲೆಯೇ ಹೂ ಬಿಡುವುದು ನಾಟಿ ಅವರೆಯ ಸ್ವಭಾವ. ಆದ್ದರಿಂದಲೇ ಸಂಕ್ರಾಂತಿಗೆ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲಿಯೂ ಕಾಯಿ ಬಿಡುತ್ತವೆ. ಬೆಳೆಗಾರರಿಗೆ ಅದು ದೊಡ್ಡ ಅನುಕೂಲ. ಆದರೆ ಮಾಗಿಯ ಇಬ್ಬನಿ ಬಿದ್ದ ನಾಟಿ ಅವರೆಯ ಸೊಗಡನ್ನು ಅದರಲ್ಲಿ ಹುಡುಕುವವರಿಗೆ ನಿರಾಸೆಯೇ. ಸೇವಂತಿಗೆಯದೂ ಅವರೆಯ ಜಾತಕವೇ, ಅದಕ್ಕೂ ಉದ್ದನೆಯ ಕತ್ತಲು ಬೇಕು. ಇರುಳಿಡೀ ಪ್ರಖರ ಬೀದಿದೀಪ ಬೀಳುವಲ್ಲಿ ಅದಕ್ಕೆ ಬೇಸಿಗೆಯ ಹಗಲೇ ಮುಗಿದಂತಿರುವುದಿಲ್ಲ, ಮೊಗ್ಗು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಎದುರಿಗೆ ಹೊಸ ದೀಪ ಬಂದಂದಿನಿಂದ ನಮ್ಮ ಸೇವಂತಿಗೆಯ ಕುಂಡಗಳು ಸೆಪ್ಟೆಂಬರ್ ಹಿಡಿಯುತ್ತಲೇ ಹಿತ್ತಲಿನ ಕತ್ತಲಿಗೆ, ಕರಿಬೇವಿನ ಬುಡಕ್ಕೆ ಹೋಗುತ್ತವೆ. ದೀಪಾವಳಿಯ ನಂತರವೇ ಅವು ಮುಂಬಾಗಿಲಿಗೆ ಮರಳುವುದು.