ಜಾಹೀರಾತಿಲ್ಲದೆ ನಡೆಯುವ ಕ್ರೈಸ್ತ ಬಾನುಲಿ: ಶಿಕಾಗೊ ನಗರದ ಒಂದು ಉದಾಹರಣೆ

"ನಮಗೂ ಒಂದು ಸ್ವಂತ ರೇಡಿಯೊ ಇದ್ದಿದ್ದರೆ!" ಚರ್ಚ್ ಪಾಲನಾ ಮಂಡಳಿಯ ಸಭೆಗಳಲ್ಲಿ, ಯುವಜನರ ಕೂಟಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಸಂಪರ್ಕ ಮಾಧ್ಯಮಗಳ ಆದೇಶಪತ್ರವೂ ಕಥೋಲಿಕ ಬಾನುಲಿ ಕೇಂದ್ರಗಳಿಗೆ ಬೆಂಬಲ ನೀಡುವಂತೆ ಹೇಳಿದೆ. ಆದರೆ ಜಾಹೀರಾತಿನ ಹಣವಿಲ್ಲದೆ ಇಂಥ ಕೇಂದ್ರ ನಡೆಯುವುದು ಹೇಗೆ?

ಇದಕ್ಕೆ ನಾವು ಅಮೆರಿಕದ ಶಿಕಾಗೊ ಮಹಾನಗರದ ಡಬ್ಲ್ಯೂ.ಎಂ.ಬಿ.ಐ. ಕೇಂದ್ರವನ್ನು ನೋಡೋಣ. ಇದು ನಮ್ಮ ಧರ್ಮಸಭೆಯದ್ದಲ್ಲ, ಪ್ರೊಟೆಸ್ಟೆಂಟ್ ಸಹೋದರರದ್ದು. ಆದರೂ ಕಲಿಯಬೇಕಾದುದನ್ನು ನೆರೆಮನೆಯಿಂದಲೂ ಕಲಿಯಬಹುದಲ್ಲವೇ? ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್ ಎಂಬ ಬೈಬಲ್ ಶಾಲೆಯು 1926ರ ಜುಲೈಯಲ್ಲಿ ಇದನ್ನು ಆರಂಭಿಸಿತು. ಕೊನೆಯ ಮೂರು ಅಕ್ಷರಗಳು ಆ ಶಾಲೆಯ ಹೆಸರಿನವೇ.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಆಗಿನ ಫೆಡರಲ್ ರೇಡಿಯೊ ಆಯೋಗವು ಒಂದೇ ಪಂಗಡದ ವಿಚಾರವನ್ನು ಸಾರುವ ಕೇಂದ್ರಗಳನ್ನು 'ಪ್ರಚಾರ ಕೇಂದ್ರ'ಗಳೆಂದು ಕರೆದು, ಎಲ್ಲರಿಗೂ ಉಪಯೋಗವಾಗುವ ಕೇಂದ್ರಗಳಿಗೆ ಮೊದಲ ಸ್ಥಾನ ಎಂದಿತು. ಪ್ರತಿಯೊಂದು ಮತಕ್ಕೂ ಒಂದೊಂದು ಕೇಂದ್ರ ಕೊಡಲು ಆಕಾಶದಲ್ಲಿ ಜಾಗವಿಲ್ಲ ಎಂಬುದು ಅದರ ವಾದ. ಆ ವಾದವನ್ನು ಪೂರ್ತಿ ತಪ್ಪು ಎನ್ನಲು ನಮಗೆ ಮನಸ್ಸು ಬಾರದು.

ಇನ್ನೊಂದು ತೊಂದರೆ ಸೂರ್ಯನದ್ದು. ಮಧ್ಯಮ ತರಂಗದ ಧ್ವನಿಯು ಹಗಲಿನಲ್ಲಿ ನೆಲದ ಗುಂಟ ಹತ್ತಿರದ ಊರುಗಳಿಗೆ ಮಾತ್ರ ಹೋಗುತ್ತದೆ. ಮೇಲಕ್ಕೆ ಹೋದುದನ್ನು ವಾತಾವರಣದ ಕೆಳಪದರವು ಹೀರಿಕೊಳ್ಳುತ್ತದೆ. ರಾತ್ರಿ ಆ ಪದರ ಕರಗಿ, ಅಲೆಗಳು ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. 1941ರಿಂದ ಈ ಕೇಂದ್ರದ ಸ್ಥಾನ 1110 ಕಿಲೋಹರ್ಟ್ಸ್. ಅದೇ ಸ್ಥಾನದಲ್ಲಿ ದೂರದ ಶಾರ್ಲೆಟ್ ನಗರದ 50 ಕಿಲೋವ್ಯಾಟ್ ಕೇಂದ್ರವೂ ಇತ್ತು. ಆದುದರಿಂದ ಶಿಕಾಗೊದವರಿಗೆ ಸಿಕ್ಕಿದ್ದು ಹಗಲಿನ ಪರವಾನಗಿ ಮಾತ್ರ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಸಿ ಮನೆಮಂದಿ ಒಟ್ಟಾಗಿ ಕುಳಿತುಕೊಳ್ಳುವ ಹೊತ್ತಿಗೆ, ಕ್ರಿಸ್ಮಸ್ ತಿಂಗಳಲ್ಲೇ, ರೇಡಿಯೊ ಮೌನ! ಈ ಕೊರತೆ ನೀಗಿದ್ದು 1960ರಲ್ಲಿ 90.1 ಎಫ್.ಎಂ. ಬಂದಾಗ.

90.1 ಎಂಬ ಸಂಖ್ಯೆಗೆ ಅರ್ಥವಿದೆ. ಅಮೆರಿಕದಲ್ಲಿ 88ರಿಂದ 92ರವರೆಗಿನ ಎಫ್.ಎಂ. ಜಾಗವನ್ನು 1945ರಲ್ಲಿ ವಾಣಿಜ್ಯೇತರ ಶೈಕ್ಷಣಿಕ ಕೇಂದ್ರಗಳಿಗೆಂದೇ ಮೀಸಲಿಟ್ಟರು. ಅಲ್ಲಿ ಜಾಹೀರಾತು ಮಾರುವಂತಿಲ್ಲ. ಸಹಾಯ ಮಾಡಿದ ಅಂಗಡಿಯವರ ಹೆಸರು ಹೇಳಿ ವಂದಿಸಬಹುದು. ಬೆಲೆ ಹೇಳುವಂತಿಲ್ಲ, 'ನಮ್ಮದೇ ಉತ್ತಮ' ಎನ್ನುವಂತಿಲ್ಲ, 'ಬನ್ನಿ, ಕೊಳ್ಳಿರಿ' ಎಂದು ಕರೆಯುವಂತಿಲ್ಲ. ಆದುದರಿಂದ ಮುಖ್ಯ ಆಧಾರ ಕೇಳುಗರ ಕಾಣಿಕೆಯೇ. ವರ್ಷದಲ್ಲಿ ಕೆಲವು ದಿನ ಕಾರ್ಯಕ್ರಮಗಳ ನಡುವೆಯೇ ಲೆಕ್ಕ ಮುಂದಿಟ್ಟು ಸಹಾಯ ಕೇಳುತ್ತಾರೆ. ನಮ್ಮ ವಾರ್ಷಿಕ ಹಬ್ಬದ ವಂತಿಗೆ ಎತ್ತಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇದು ಹೀಗೆಯೇ ಸಾಧ್ಯವೇ? ಇಲ್ಲ. ಭಾರತದ ನಿಯಮದಂತೆ ಧಾರ್ಮಿಕ ಸಂಸ್ಥೆಗಳಿಗೆ ಖಾಸಗಿ ಎಫ್.ಎಂ. ಪರವಾನಗಿ ಸಿಗದು. ಉಳಿದ ದಾರಿ ಸಮುದಾಯ ಬಾನುಲಿ. ಇದು ಮೊದಲು ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಸೇವಾ ಸಂಸ್ಥೆಗಳಿಗೂ ತೆರೆಯಿತು. ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅಂದರೆ ಕೆಲವೇ ಕಿಲೋಮೀಟರ್. ಆರೋಗ್ಯ, ಕೃಷಿ, ಶಿಕ್ಷಣ, ಸ್ಥಳೀಯ ಸಂಸ್ಕೃತಿಯೇ ಅದರ ವಿಷಯ. ವಾರ್ತೆ ಆಕಾಶವಾಣಿಯದ್ದು ಮಾತ್ರ. ಅಲ್ಪಸ್ವಲ್ಪ ಜಾಹೀರಾತಿಗೆ ಅವಕಾಶವಿದೆ. ಮಂಗಳೂರಿನಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ ಆರಂಭಿಸಿದ ರೇಡಿಯೊ ಸಾರಂಗ್ 107.8 ಈ ಬಗೆಯದು. ಅದು ಕ್ರೈಸ್ತ ಬಾನುಲಿ ಅಲ್ಲ. ಕೊಂಕಣಿ, ಕನ್ನಡ, ತುಳು, ಬ್ಯಾರಿ ಮಾತನಾಡುವ ಎಲ್ಲರದ್ದು.

ಆದುದರಿಂದ ಮುಂದಿನ ಸಭೆಯಲ್ಲಿ ರೇಡಿಯೊ ಮಾತು ಬಂದರೆ, ಯಂತ್ರದ ಬೆಲೆ ವಿಚಾರಿಸುವ ಮೊದಲು ಎರಡು ಪ್ರಶ್ನೆ ಕೇಳಿ ನೋಡಿ. ನಮ್ಮ ವಾಳೆಯ ಬೇರೆ ಧರ್ಮದ ನೆರೆಯವರು ಕೇಳುವಂಥದ್ದು ನಮ್ಮಲ್ಲಿ ಏನಿದೆ? ಉದ್ಘಾಟನೆಯ ಹಾರ ಬಾಡಿದ ಮೇಲೆ ಪ್ರತಿ ತಿಂಗಳ ವಿದ್ಯುತ್ ಬಿಲ್ಲು ಕಟ್ಟುವವರು ಯಾರು?