ಬೇಸ್ ಗಿಟಾರ್ ಹುಡುಗರೇ, ಬಾಸ್ಟನ್ನಿಗೆ ಹೊರಡುವ ಮುಂಚೆ...

ಹಾಡು ಬಂದಾಗ ನಮ್ಮ ಕಿವಿ ಗಾಯಕನ ಕಡೆ, ಕಣ್ಣು ನಾಯಕಿಯ ಕಡೆ! ಕೆಳಗೆ 'ಧುಂ... ಧುಂ...' ಅಂತ ಇಡೀ ಹಾಡನ್ನು ಹೊತ್ತು ನಡೆಯುವವನನ್ನು ಕೇಳುವವರೇ ಇಲ್ಲ. ಅವನೇ ಬೇಸ್ ಗಿಟಾರ್ ವಾದಕ. ಅನುಮಾನವಿದ್ದರೆ 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಇನ್ನೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮಣಿರತ್ನಂ ಅವರ ಮೊದಲ ಚಿತ್ರ, ಇಳಯರಾಜಾ ಸಂಗೀತ. ಮೇಲೆ ರಾಗ ತೇಲುತ್ತಿದ್ದರೆ ಕೆಳಗೆ ಬೇಸ್ ತನ್ನದೇ ಇನ್ನೊಂದು ಹಾಡು ಹೇಳುತ್ತಿರುತ್ತದೆ!

ಇಳಯರಾಜಾ ತಂಡದಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದ ಶಶಿಧರನ್, ರೆಹಮಾನ್ ಹಾಡುಗಳಿಗೆ ನುಡಿಸಿದ ಕೀತ್ ಪೀಟರ್ಸ್... ಈ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ಕಥೆಯೂ ಅದೇ. ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಆ ಕಂಪನಿಯ ದೊಡ್ಡ ಆಲ್ಬಂ ಒಂದರ ಕವರಿನ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಕೃಪೆಯಿಂದ.

ಆದರೂ ಹುಡುಗರಿಗೆ ಹುಚ್ಚು ಬಿಡದು. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಸುದ್ದಿ ಹುಡುಕಿಕೊಂಡು ಅಲೆಯುವ ನನ್ನನ್ನು ಅವರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಇದನ್ನ ಕಾಲೇಜಲ್ಲಿ ಓದೋಕಾಗುತ್ತಾ? ಎಲ್ಲಿ ಸೇರ್ಬೇಕು?"

ಮೊದಲು ಇದನ್ನು ಕೇಳಿ

ಓದೋಕಾಗುತ್ತೆ. ಆದರೆ ಸಂಗೀತ ಕಾಲೇಜು ಅಂದ ಮಾತ್ರಕ್ಕೆ ಎಲ್ಲ ಕಡೆ ನಿಮ್ಮ ವಾದ್ಯಕ್ಕೆ ಜಾಗವಿಲ್ಲ. ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಿಟ್ಟಿದ್ದು 1951ರಲ್ಲಿ. ಪಿಟೀಲಿನ ದೊಡ್ಡಣ್ಣನಂತೆ ಆಳೆತ್ತರ ನಿಲ್ಲುವ ಡಬಲ್ ಬೇಸ್‌ಗೆ ನೂರಾರು ವರ್ಷದ ಇತಿಹಾಸ. ಪಾಶ್ಚಾತ್ಯ ಶಾಸ್ತ್ರೀಯ ಕಾಲೇಜುಗಳು 'ಬೇಸ್' ಅಂದರೆ ಸಾಮಾನ್ಯವಾಗಿ ಅದೇ ಅಂತ ತಿಳಿಯುತ್ತವೆ. ಜಾಜ್ ಪದವಿಯಲ್ಲೂ ಬಹಳ ಕಡೆ ಎರಡೂ ಬರಬೇಕು ಅಂತಾರೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಕೇಳಿ: ಎಲೆಕ್ಟ್ರಿಕ್ ಬೇಸನ್ನು ಮುಖ್ಯ ವಾದ್ಯವಾಗಿ ತೆಗೆದುಕೊಳ್ಳಬಹುದೇ? ಜೇಮರ್ಸನ್ ಕೂಡ ಡಬಲ್ ಬೇಸ್‌ನಿಂದ ಬಂದವನೇ. ಕಲಿತರೆ ನಷ್ಟವಿಲ್ಲ. ಸೇರಿದ ಮೇಲೆ ಗೊತ್ತಾದರೆ ಕಷ್ಟ!

ಯಾವ ಊರು, ಯಾವ ರುಚಿ?

ಬಾಸ್ಟನ್ನಿನ ಬರ್ಕ್ಲಿ 1945ರಲ್ಲಿ ಶುರುವಾದದ್ದು. ಎಲೆಕ್ಟ್ರಿಕ್ ಬೇಸ್ ಅಲ್ಲಿ ಮುಖ್ಯ ವಾದ್ಯ, ಬೇಸ್‌ಗೇ ಪ್ರತ್ಯೇಕ ವಿಭಾಗವಿದೆ. ಜಾಜ್, ರಾಕ್, ಚಿತ್ರಸಂಗೀತ ಎಲ್ಲವೂ ಒಂದೇ ಸೂರಿನಡಿ. ಅಲ್ಲಿ ಓದಿದ ಎಸ್ಪೆರಾನ್ಜಾ ಸ್ಪಾಲ್ಡಿಂಗ್ ಎಂಬ ಹುಡುಗಿ 2011ರಲ್ಲಿ ಹೊಸ ಕಲಾವಿದರ ಗ್ರ್ಯಾಮಿ ಗೆದ್ದಾಗ ಜಗತ್ತೇ ಬೆರಗಾಯಿತು.

ಟೆಕ್ಸಾಸಿನ ಡೆಂಟನ್ ಊರಲ್ಲಿರುವ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ 1947ರಲ್ಲೇ ಜಾಜ್ ಪದವಿ ಶುರು ಮಾಡಿತು. ಅಲ್ಲಿ ಬ್ಯಾಂಡುಗಳಿಗೆ ಅಭ್ಯಾಸದ ಗಂಟೆಯೇ ಹೆಸರು. 'ಒನ್ ಓ ಕ್ಲಾಕ್' ಬ್ಯಾಂಡಿಗೆ ಆಯ್ಕೆಯಾದರೆ ಅದೇ ದೊಡ್ಡ ಬಿರುದು! ನೊಟೇಷನ್ ನೋಡಿದೊಡನೆ ನುಡಿಸಲು ಬರದವನು ಅಲ್ಲಿ ಉಳಿಯಲಾರ.

ಹಾಲಿವುಡ್ಡಿನ ಮ್ಯುಸಿಷಿಯನ್ಸ್ ಇನ್‌ಸ್ಟಿಟ್ಯೂಟ್ 1977ರಲ್ಲಿ ಗಿಟಾರ್ ಶಾಲೆಯಾಗಿ ಹುಟ್ಟಿತು, ಮರುವರ್ಷವೇ ಬೇಸ್ ವಿಭಾಗ ತೆರೆಯಿತು. ಪುಸ್ತಕಕ್ಕಿಂತ ಕೈಗೆ ಹೆಚ್ಚು ಕೆಲಸ ಕೊಡುವ ಜಾಗ.

ಇನ್ನು ಮಯಾಮಿ ವಿಶ್ವವಿದ್ಯಾಲಯ. ಗಿಟಾರಿನ ಫ್ರೆಟ್ಟುಗಳನ್ನೇ ಕಿತ್ತುಹಾಕಿ ಬೇಸನ್ನು ಹಾಡಿಸಿದ ಜಾಕೋ ಪಾಸ್ಟೋರಿಯಸ್, 1976ರಲ್ಲಿ ಹೆಸರು ಮಾಡುವ ಮೊದಲು ಅಲ್ಲಿ ಪಾಠ ಹೇಳಿದ್ದ. ತಮಾಷೆ ನೋಡಿ, ಅವನು ತಾನೇ ಕೇಳಿ ಕೇಳಿ ಕಲಿತವನು! ಅದಕ್ಕೇ ಹೇಳೋದು, ಕಾಲೇಜಿನ ಹೆಸರಿಗಿಂತ ಮೊದಲು ಮೇಷ್ಟ್ರು ಯಾರು ಅಂತ ನೋಡಿ. ವಾರಕ್ಕೆ ಎಷ್ಟು ಹೊತ್ತು ಒಬ್ಬರೇ ಕೂತು ಪಾಠ, ಎಷ್ಟು ಬ್ಯಾಂಡಿನಲ್ಲಿ ನುಡಿಸುವ ಅವಕಾಶ ಅಂತ ವಿಚಾರಿಸಿ. ಬೇಸ್ ಒಂಟಿ ಕೂತು ನುಡಿಸುವ ವಾದ್ಯವಲ್ಲ, ಡ್ರಮ್ ಪಕ್ಕದಲ್ಲಿ ನಿಂತರೇ ಅದು ಕಲಿಯೋದು.

ದುಡ್ಡಿನ ಮಾತು

ಮಂಡ್ಯ ಕಡೆಯ ಹುಡುಗನೊಬ್ಬ ಹೇಳಿದ: "ಅಪ್ಪ ಗದ್ದೆ ಮಾರ್ತೀನಿ ಅಂತಾವ್ರೆ ಅಣ್ಣಾ." ಎದೆ ಧಸಕ್ಕೆಂದಿತು. ಲೆಕ್ಕ ಹಾಕಿ ತೋರಿಸಿದೆ. ಬರ್ಕ್ಲಿಯಲ್ಲಿ ಪಾಠದ ಶುಲ್ಕವೇ ವರ್ಷಕ್ಕೆ 45,000 ಡಾಲರಿಗೂ ಮೇಲೆ. ನಾಲ್ಕು ವರ್ಷಕ್ಕೆ ನಮ್ಮ ದುಡ್ಡಿನಲ್ಲಿ ಒಂದೂವರೆ ಕೋಟಿ ರೂಪಾಯಿ ತಲುಪುತ್ತದೆ. ಊಟ, ಬಾಡಿಗೆ, ವಿಮಾನ ಬೇರೆ! ಬೇಸ್ ನುಡಿಸಿ ಆ ಸಾಲ ತೀರಿಸೋದು ಯಾವಾಗ?

ಆದರೆ ಬಾಗಿಲು ಮುಚ್ಚಿಲ್ಲ. ಬರ್ಕ್ಲಿ ಪ್ರವೇಶಕ್ಕೆ ಆಡಿಷನ್, ಸಂದರ್ಶನ ಇರುತ್ತದೆ. ತಯಾರಿ ಮಾಡಿದ ಮೂರರಿಂದ ಐದು ನಿಮಿಷದ ತುಣುಕು ನುಡಿಸಬೇಕು. ಜೊತೆಗೆ ಮನೋಧರ್ಮ, ಕಿವಿಯ ಪರೀಕ್ಷೆ, ನೊಟೇಷನ್ ಓದು. ವಿದ್ಯಾರ್ಥಿವೇತನಕ್ಕೂ ಆ ಆಡಿಷನ್ನೇ ಆಧಾರ. ಎಷ್ಟು ಸಿಗುತ್ತದೆ ಅಂತ ಪತ್ರ ಕೈಗೆ ಬರುವವರೆಗೆ ಗದ್ದೆಯ ಪತ್ರ ಪೆಟ್ಟಿಗೆಯಲ್ಲೇ ಇರಲಿ ಅಂದೆ. ಹುಡುಗ ತಲೆ ಆಡಿಸಿದ.

ಇನ್ನೊಂದು ವಿಷಯ. ಪದವಿಗೆ ಪಿಯುಸಿ ಪಾಸಾಗಿರಬೇಕು, ಇಂಗ್ಲಿಷ್ ಬರಬೇಕು. ಮನೆಯ ಪರಿಸ್ಥಿತಿಯಿಂದ ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು ನಾನು, ಆ ಕಾಗದಕ್ಕೆ ಎಷ್ಟು ಬೆಲೆ ಅಂತ ಬಲ್ಲೆ. 'ಸಂಗೀತಕ್ಕೆ ಯಾಕೆ ಪರೀಕ್ಷೆ' ಅಂತ ಪುಸ್ತಕ ಎಸೆಯಬೇಡಿ ತಮ್ಮಂದಿರಾ!

ಹತ್ತಿರದಲ್ಲೂ ಉಂಟು

ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಸ್ಥಾಪಿಸಿದರು. ಬೆಂಗಳೂರಿನಿಂದ ಒಂದು ರಾತ್ರಿಯ ರೈಲು. ಸೇರುವ ಮುನ್ನ ಅಲ್ಲೂ ಅದೇ ಪ್ರಶ್ನೆಗಳನ್ನು ಕೇಳಿ. ಚಿತ್ರಸಂಗೀತದ ಸ್ಟುಡಿಯೋಗಳು ಇರುವ ಊರು ಅದು, ಪಾಠ ಮುಗಿದ ಮೇಲೂ ಕಿವಿಗೆ ಕೆಲಸ ಇದ್ದೇ ಇದೆ.

ಎಲ್ಲಿಗೆ ಹೋದರೂ ಮೊದಲ ದಿನ ಬೇಕಾಗುವ ವಿದ್ಯೆ ಒಂದೇ. ಮೆಟ್ರೊನೋಮ್ ಜೊತೆ ತಾಳ ತಪ್ಪದೆ ನುಡಿಸೋದು, ಬೇಸ್ ಕ್ಲೆಫ್ ಓದೋದು, ಕೇಳಿದ ಹಾಡಿನ ಬೇಸನ್ನು ಹೆಕ್ಕಿ ತೆಗೆಯೋದು. ಇದಕ್ಕೆ ಪಾಸ್‌ಪೋರ್ಟೂ ಬೇಡ, ಫೀಸೂ ಬೇಡ. ಇವತ್ತು ರಾತ್ರಿಯೇ ಶುರು ಮಾಡಿ. ನಾಳೆ ಯಾವುದೋ ಕನ್ನಡ ಹಾಡಿನ ಕೆಳಗೆ 'ಧುಂ' ಅಂದದ್ದು ನೀವೇ ಅಂತ ಗೊತ್ತಾದರೆ, ನಿಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುವ ಕೆಲಸ ನನ್ನದು!