ನಮ್ಮ ತಟ್ಟೆಯ ಮಾಂಸ, ನಮ್ಮ ಊರಿನ ಮಳೆ

ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಒಂದು ಕಲ್ಯಾಣಿಯಿದೆ. ಕಲ್ಲಿನ ಮೆಟ್ಟಿಲು ಇಳಿದು ನೀರು ಮುಟ್ಟಬೇಕು. ಇಂಥ ಕಲ್ಯಾಣಿಗಳಲ್ಲಿ ಮಳೆ ಚೆನ್ನಾದ ವರ್ಷ ಕೆಳಗಿನ ಮೆಟ್ಟಿಲುಗಳು ನೀರಿನಡಿ ಮರೆಯಾಗುತ್ತವೆ. ಮಳೆ ಕೈಕೊಟ್ಟ ವರ್ಷ ಒಂದೊಂದಾಗಿ ಹೊರಗೆ ಕಾಣತೊಡಗುತ್ತವೆ. ನಾವು ಎಷ್ಟು ಬಳಸಿದೆವು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಕಲ್ಲೇ ಹೇಳುತ್ತದೆ.

2023ರಲ್ಲಿ ಆ ಲೆಕ್ಕ ಎಲ್ಲರಿಗೂ ಗೊತ್ತಾಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರ ಘೋಷಿಸಿತು. ಅರಸೀಕೆರೆಯ ಬಯಲಿನಿಂದ ಬೇಲೂರಿನ ಅರೆಮಲೆನಾಡಿನವರೆಗೆ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರು, ಮೇವು ಸಿಗದೆ ಅಲೆದವರು, ಬಾಡಿದ ತೆಂಗನ್ನು ನೋಡಿ ನಿಟ್ಟುಸಿರಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಆ ವರ್ಷದ ಬರಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೋ ದೊಡ್ಡ ಕಾರಣವಾಗಿತ್ತು. ಆದರೆ ಭೂಮಿ ಬಿಸಿಯಾದಂತೆ ಮಳೆಯ ಹದ ತಪ್ಪುತ್ತದೆ, ಒಣ ದಿನಗಳು ಉದ್ದವಾಗುತ್ತವೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ ಎಂಬುದನ್ನು ಹವಾಮಾನ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ.

ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಒಂದು ಪದ 'ಮೀಝಾನ್', ಅಂದರೆ ತಕ್ಕಡಿ, ಸಮತೋಲನ. ಅಲ್ಲಾಹನು ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದನು, ಆ ತೂಕದಲ್ಲಿ ಮೀರಬಾರದೆಂದು ಮನುಷ್ಯನಿಗೆ ತಾಕೀತು ಮಾಡಿದನು ಎಂಬುದು ಸೂರಃ ಅರ್‍ರಹ್ಮಾನ್‌ನ ಬೋಧನೆ. ಮಾಂಸ ಕಡಿಮೆ ತಿಂದರೆ ಹವಾಮಾನಕ್ಕೆ ಒಳಿತು ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಅದು ನಿಜವೇ? ನಿಜವಾದರೆ ನಮಗೆ ಎಷ್ಟರಮಟ್ಟಿಗೆ ಅನ್ವಯ? ಈ ಪ್ರಶ್ನೆಯನ್ನು ಅದೇ ತಕ್ಕಡಿಯಲ್ಲಿ ಇಟ್ಟು ನೋಡೋಣ.

ಮಾಂಸಕ್ಕೂ ಮಳೆಗೂ ಏನು ಸಂಬಂಧ?

ಹಸು, ಎಮ್ಮೆ, ಕುರಿ, ಮೇಕೆಗಳು ಮೆಲುಕು ಹಾಕುವ ಪ್ರಾಣಿಗಳು. ನಮಗೆ ಜೀರ್ಣವಾಗದ ಹುಲ್ಲು, ಸೊಪ್ಪನ್ನು ಅವು ಅರಗಿಸಿಕೊಳ್ಳುತ್ತವೆ. ಅವುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುವಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಹೆಚ್ಚಾಗಿ ತೇಗಿನ ಮೂಲಕ ಹೊರಬರುತ್ತದೆ. ಈ ಅನಿಲ ಗಾಳಿಯಲ್ಲಿ ಹನ್ನೆರಡು ವರ್ಷಗಳಷ್ಟು ಕಾಲ ಮಾತ್ರ ಉಳಿದರೂ, 20 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಇದರ ಜೊತೆಗೆ ಮೇವು ಬೆಳೆಯಲು ಕಾಡು ಕಡಿಯುವುದು, ಗೊಬ್ಬರ, ಸಾಗಾಟ, ಶೈತ್ಯಾಗಾರದ ವಿದ್ಯುತ್ ಎಲ್ಲವೂ ಸೇರುತ್ತವೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದಂತೆ, ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5. 2023ರಲ್ಲಿ ಅದೇ ಸಂಸ್ಥೆ ಇದನ್ನು ಸುಮಾರು ಶೇ. 12 ಎಂದಿತು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 119 ದೇಶಗಳ ಸುಮಾರು 38,000 ಹೊಲಗದ್ದೆಗಳ ಮಾಹಿತಿಯನ್ನು ಕಲೆಹಾಕಿತ್ತು. ಅದರ ಪ್ರಕಾರ 100 ಗ್ರಾಂ ಪ್ರೋಟೀನು ಕುರಿಮಾಂಸದಿಂದ ದೊರೆಯಬೇಕಾದರೆ ಸರಾಸರಿ 20 ಕಿಲೋದಷ್ಟು ಅನಿಲ ಹೊರಬೀಳುತ್ತದೆ. ಕೋಳಿಯಿಂದಾದರೆ ಸುಮಾರು 6 ಕಿಲೋ. ಬೇಳೆಕಾಳಿನಿಂದಾದರೆ ಒಂದು ಕಿಲೋಗೂ ಕಡಿಮೆ. ಇದು ಜಗತ್ತಿನ ಸರಾಸರಿ. ಕೆರೆಯಂಗಳದಲ್ಲಿ ಮೇಯುವ ಮೇಕೆಯ ಲೆಕ್ಕ ಬೇರೆ ಇರಬಹುದು. ಆದರೆ ಕಾಳು ಹಗುರ, ಮಾಂಸ ಭಾರ ಎಂಬ ದಿಕ್ಕು ಮಾತ್ರ ಬದಲಾಗುವುದಿಲ್ಲ.

ಹೊರೆ ಯಾರದು?

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಅಮೆರಿಕದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ನೂರು ಕಿಲೋಗೂ ಹೆಚ್ಚು ಮಾಂಸ ಬೀಳುತ್ತದೆ. ಜಗತ್ತಿನ ಸರಾಸರಿ ನಲವತ್ತು ಕಿಲೋ ದಾಟುತ್ತದೆ. ಭಾರತದಲ್ಲಿ ಅದು ಹತ್ತು ಕಿಲೋದ ಒಳಗೇ ಇದೆ. ನಮ್ಮ ದೇಶದ ಜಾನುವಾರುಗಳ ಮೀಥೇನಿನಲ್ಲಿ ಬಹುಪಾಲು ಹಾಲಿಗಾಗಿ, ಉಳುಮೆಗಾಗಿ ಸಾಕಿದ ದನ, ಎಮ್ಮೆಗಳದ್ದು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇದ್ದವು. ಹಾಲು, ತುಪ್ಪ ಬಳಸುವ ಪ್ರತಿಯೊಂದು ಮನೆಗೂ ಈ ಲೆಕ್ಕದಲ್ಲಿ ಪಾಲಿದೆ. ಆದ್ದರಿಂದ ಹವಾಮಾನದ ಹೊರೆಯನ್ನು ಮಾಂಸ ತಿನ್ನುವ ಒಂದು ಸಮುದಾಯದ ತಲೆಗೆ ಕಟ್ಟುವುದು ಸತ್ಯವೂ ಅಲ್ಲ, ನ್ಯಾಯವೂ ಅಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡುವುದು ಬೇಡ. 2021ರಿಂದ ರಾಜ್ಯದಲ್ಲಿ ಜಾನುವಾರು ಹತ್ಯೆಯ ಮೇಲೆ ಬಿಗಿಯಾದ ಕಾಯ್ದೆ ಜಾರಿಯಲ್ಲಿದೆ. ನಮ್ಮ ಅಡುಗೆಮನೆಗೆ ಇಣುಕುವವರು ಹೆಚ್ಚಿದ್ದಾರೆ. ಇಂಥ ಹೊತ್ತಿನಲ್ಲಿ 'ಮಾಂಸ ಕಡಿಮೆ ಮಾಡಿ' ಎಂದರೆ ಹಲವರಿಗೆ ಅದು ಅದೇ ಒತ್ತಡದ ಇನ್ನೊಂದು ದನಿಯಂತೆ ಕೇಳಿಸುತ್ತದೆ. ಹಾಗನಿಸುವುದು ಸಹಜ. ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಎನ್ನುವ ಅಧಿಕಾರ ಯಾರಿಗೂ ಇಲ್ಲ, ನಮಗೂ ಇಲ್ಲ. ಆದರೆ ಇನ್ನೊಬ್ಬರ ಅಂಜಿಕೆಯಿಂದ ಒಂದು ವಸ್ತುವನ್ನು ಬಿಡುವುದು ಬೇರೆ. ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕೆಂಬ ಅರಿವಿನಿಂದ ಅದರಲ್ಲಿ ಮಿತ ಸಾಧಿಸುವುದು ಬೇರೆ. ಮೊದಲನೆಯದು ಸೋಲು, ಎರಡನೆಯದು ತಕ್ವಾ.

ಹಲಾಲ್ ಒಂದು ಪ್ರಶ್ನೆ, ಎಷ್ಟು ಎಂಬುದು ಇನ್ನೊಂದು

ಅಂಗಡಿಯಲ್ಲಿ 'ಇದು ಹಲಾಲ್ ತಾನೇ?' ಎಂದು ಕೇಳಲು ನಾವು ಮರೆಯುವುದಿಲ್ಲ. 'ಇಷ್ಟು ಬೇಕೇ?' ಎಂದು ಕೇಳಿಕೊಳ್ಳುವುದು ಅಪರೂಪ. ಸೂರಃ ಅಲ್ ಅಅ್‌ರಾಫ್‌ನಲ್ಲಿ ತಿನ್ನಲು, ಕುಡಿಯಲು ಅನುಮತಿ ಕೊಟ್ಟ ಕಡೆಯಲ್ಲೇ ದುಂದಿನಿಂದ ದೂರವಿರಬೇಕೆಂಬ ಆಜ್ಞೆಯೂ ಇದೆ. ಎರಡೂ ಒಂದೇ ವಚನದಲ್ಲಿವೆ. ಒಂದನ್ನು ಪಾಲಿಸಿ ಇನ್ನೊಂದನ್ನು ಬಿಡುವಂತಿಲ್ಲ.

ಪ್ರವಾದಿವರ್ಯರ(ಸ) ಮನೆಯಲ್ಲಿ ತಿಂಗಳುಗಟ್ಟಲೆ ಒಲೆ ಉರಿಯದೆ ಖರ್ಜೂರ ಮತ್ತು ನೀರಿನಿಂದಲೇ ದಿನ ಸಾಗುತ್ತಿದ್ದುದನ್ನು ಹ. ಆಯಿಶಾ(ರ) ತಿಳಿಸಿದ್ದಾರೆ. ಒಮ್ಮೆ ಒಬ್ಬ ದರ್ಜಿ ಅವರನ್ನು ಊಟಕ್ಕೆ ಕರೆದನು. ಜವೆಯ ರೊಟ್ಟಿ, ಸೋರೆಕಾಯಿ ಮತ್ತು ಒಣಗಿಸಿದ ಮಾಂಸ ಹಾಕಿದ ಸಾರು. ಪ್ರವಾದಿ(ಸ) ಪಾತ್ರೆಯಲ್ಲಿ ಹುಡುಕಿ ಹುಡುಕಿ ತೆಗೆದುಕೊಂಡದ್ದು ಸೋರೆಕಾಯಿಯ ಹೋಳುಗಳನ್ನು. ಅಂದಿನಿಂದ ತನಗೂ ಸೋರೆಕಾಯಿ ಇಷ್ಟವಾಯಿತೆಂದು ಅದನ್ನು ಕಂಡ ಹ. ಅನಸ್(ರ) ಹೇಳಿದ ವರದಿ ಬುಖಾರಿಯಲ್ಲಿದೆ. ಮಾಂಸದ ಚಟ ಮದ್ಯದ ಚಟದಂತೆ ಹತ್ತಿಕೊಳ್ಳುತ್ತದೆಂದು ಹ. ಉಮರ್(ರ) ಎಚ್ಚರಿಸಿದ್ದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಆಸೆಯಾಯಿತೆಂದು ಮಾಂಸ ಕೊಂಡೊಯ್ಯುತ್ತಿದ್ದ ಹ. ಜಾಬಿರ್(ರ)ರನ್ನು ತಡೆದು, ನೆರೆಯವರಿಗಾಗಿ, ಬಂಧುಗಳಿಗಾಗಿ ಸ್ವಲ್ಪ ಹಸಿವು ತಾಳಬಾರದೇ ಎಂದು ಅವರು ಪ್ರಶ್ನಿಸಿದ್ದೂ ಅಲ್ಲಿದೆ. ಆ ಮಾಂಸ ಹಲಾಲ್ ಅಲ್ಲವೆಂದು ಹ. ಉಮರ್(ರ) ಹೇಳಲಿಲ್ಲ. ನೆರೆಯವನು ಅವರ ನೆನಪಿನಲ್ಲಿದ್ದನು, ಅಷ್ಟೇ.

ಕಷ್ಟದ ವರ್ಷದ ಖುರ್ಬಾನಿ

ನಮ್ಮ ಕಾಲಕ್ಕೆ ಅತ್ಯಂತ ಹತ್ತಿರವಾದ ಉದಾಹರಣೆ ಖುರ್ಬಾನಿಯ ಮಾಂಸದ್ದು. ಒಂದು ವರ್ಷ ಮದೀನಾಕ್ಕೆ ಹಸಿದವರು ಗುಂಪಾಗಿ ಬಂದಿದ್ದರು. ಆ ವರ್ಷ ಮೂರು ದಿನಕ್ಕಿಂತ ಹೆಚ್ಚು ಕಾಲ ಖುರ್ಬಾನಿಯ ಮಾಂಸವನ್ನು ಕೂಡಿಡಬಾರದೆಂದು ಪ್ರವಾದಿ(ಸ) ಆಜ್ಞಾಪಿಸಿದರು. ಮುಂದಿನ ವರ್ಷ ಜನರು ಕೇಳಿದಾಗ, ಕಷ್ಟವಿದ್ದುದರಿಂದ ಹಾಗೆ ಹೇಳಿದ್ದೆಂದು ವಿವರಿಸಿ, ತಿನ್ನಲು, ಕೊಡಲು, ಇಟ್ಟುಕೊಳ್ಳಲು ಅನುಮತಿ ಕೊಟ್ಟರು.

ಇದರ ಅರ್ಥವನ್ನು ಯೋಚಿಸಬೇಕು. ಎರಡೂ ವರ್ಷ ಮಾಂಸ ಅದೇ, ಇಬಾದತ್ ಅದೇ. ಸುತ್ತಲಿನ ಪರಿಸ್ಥಿತಿ ಬದಲಾದಾಗ ನಮ್ಮ ಹಕ್ಕಿನ ವಸ್ತುವನ್ನು ಬಳಸುವ ರೀತಿಯೂ ಬದಲಾಗಬೇಕೆಂದು ಇದರಿಂದ ತಿಳಿಯುತ್ತದೆ. ಬರದ ವರ್ಷದಲ್ಲೂ ಫ್ರಿಜ್ ತುಂಬ ಮಾಂಸ ತುಂಬಿಸಿ ತಿಂಗಳುಗಟ್ಟಲೆ ಇಡುವ ನಾವು, ಖುರ್ಬಾನಿಯ ರಕ್ತಮಾಂಸ ಅಲ್ಲಾಹನಿಗೆ ತಲಪುವುದಿಲ್ಲ, ತಲಪುವುದು ತಕ್ವಾ ಎಂಬ ಸೂರಃ ಅಲ್ ಹಜ್ಜ್‌ನ ಬೋಧನೆಯನ್ನು ನೆನಪಿಸಿಕೊಳ್ಳಬೇಕು. ಹಾಗೆಯೇ ಬಕ್ರೀದ್‌ನ ತ್ಯಾಜ್ಯವನ್ನು ಕೆರೆಯ ಏರಿಯಲ್ಲೋ ರಸ್ತೆಯಂಚಿನಲ್ಲೋ ಎಸೆಯದೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ಮಣ್ಣು ಮುಚ್ಚುವುದು ನಮ್ಮ ಹೊಣೆ. ನೆರೆಯವರಿಗೆ ದುರ್ವಾಸನೆ ಮುಟ್ಟಿಸಿ ಮಾಡಿದ ಖುರ್ಬಾನಿಯಲ್ಲಿ ಏನೋ ಕೊರತೆ ಉಳಿಯುತ್ತದೆ.

ದಾಲ್ಚಾದ ಪಾಠ

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಹೊಸದೇನೂ ಬೇಕಿಲ್ಲ, ನಮ್ಮ ದಾದಿ, ನಾನಿಯರು ಮಾಡುತ್ತಿದ್ದುದನ್ನು ನೆನಪಿಸಿಕೊಂಡರೆ ಸಾಕು. ದಾಲ್ಚಾ ಎಂದರೇನು? ಕಡಲೆಬೇಳೆ, ತೊಗರಿಬೇಳೆ, ಸೋರೆಕಾಯಿ, ಹುಣಸೆಹುಳಿ. ರುಚಿಗೆ ಎಲುಬಿನ ನಾಲ್ಕು ತುಂಡು. ಅರ್ಧ ಕಿಲೋ ಮಾಂಸದಲ್ಲಿ ಹತ್ತು ಜನರ ಊಟ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಗೆ ಒಂದು ಹಿಡಿ ಖೀಮಾ. ಹುರುಳಿಕಾಳಿನ ಸಾರಿಗೆ ರಾಗಿಮುದ್ದೆ. ಅಂದು ಮಾಂಸವು ಅಡುಗೆಗೆ ಪರಿಮಳ ಕೊಡುತ್ತಿತ್ತು. ಇಂದು ಅಡುಗೆಯೆಲ್ಲ ಮಾಂಸವೇ ಆಗಿದೆ, ಬೇಳೆ ತರಕಾರಿ ಮಕ್ಕಳ ತಟ್ಟೆಯಂಚಿಗೆ ಸರಿದಿವೆ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಮನೆಯವರಿಗೂ ಕೊಡಬೇಕೆಂದು ಪ್ರವಾದಿ(ಸ) ಹ. ಅಬೂದರ್(ರ)ರಿಗೆ ಉಪದೇಶಿಸಿದ್ದರು. ಮಾಂಸ ಹೆಚ್ಚಿಸಲು ಹೇಳಲಿಲ್ಲ, ನೀರು ಹೆಚ್ಚಿಸಲು ಹೇಳಿದರು. ಬಡವನಿಗೂ ಸಾಧ್ಯವಾಗುವ ಔದಾರ್ಯ ಅದು. ದಾಲ್ಚಾ ಅದೇ ಉಪದೇಶದ ಅಡುಗೆ.

ಲೆಕ್ಕವೂ ಸರಳ. ವಾರಕ್ಕೆ ಎರಡು ಕಿಲೋ ತರುವ ಕುಟುಂಬ ಒಂದೂವರೆ ಕಿಲೋಗೆ ಇಳಿಸಿದರೆ ವರ್ಷಕ್ಕೆ 26 ಕಿಲೋ ಮಾಂಸ ಉಳಿಯುತ್ತದೆ. ಆ ಹಣದಲ್ಲಿ ಒಂದು ಮಗುವಿನ ಶಾಲಾ ಫೀಸಿನ ಪಾಲು ಸಿಗುತ್ತದೆ. ಆದರೆ ಈ ಮಾತು ತಿಂಗಳಿಗೊಮ್ಮೆ ಮಾಂಸ ಕಾಣುವ ಮನೆಗಲ್ಲ. ಬೆಳೆಯುವ ಮಕ್ಕಳು, ರಕ್ತಹೀನತೆಯಿಂದ ಬಳಲುವ ಗರ್ಭಿಣಿಯರು, ಕೂಲಿ ಮಾಡಿ ದಣಿದವರು ತಮ್ಮ ಪಾಲನ್ನು ಕಡಿಮೆ ಮಾಡಬೇಕಿಲ್ಲ. ಅವರಿಗೆ ಅದು ಇನ್ನಷ್ಟು ಸಿಗಬೇಕು. ವಾರಕ್ಕೆ ನಾಲ್ಕೈದು ದಿನ ಮಾಂಸವಿರುವ ಮನೆಯವರು ಸ್ವಲ್ಪ ಹಿಂದೆ ಸರಿದು ಅವರಿಗೆ ದಾರಿ ಬಿಡಬೇಕು.

ಮದುವೆ ಮನೆಯ ಎಲೆ

ನಿಜವಾಗಿ ಮಿತ ಬೇಕಾದದ್ದು ನಮ್ಮ ವಲೀಮಾಗಳಲ್ಲಿ. ಬಿರಿಯಾನಿ, ಕಬಾಬ್, ಮೇಲೆ ಇನ್ನೆರಡು ಬಗೆ. ಊಟ ಮುಗಿದ ಮೇಲೆ ಅರ್ಧ ತಿಂದ ತುಂಡುಗಳು ಬಕೆಟ್ ತುಂಬುತ್ತವೆ. ತಂದೆಯ ತಲೆಯ ಮೇಲೆ ಸಾಲ ಉಳಿಯುತ್ತದೆ. 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಬಕೆಟ್ಟಿಗೆ ಬಿದ್ದ ಮಾಂಸಕ್ಕಾಗಿ ಮೇವು, ನೀರು, ಒಂದು ಜೀವ ಎಲ್ಲವೂ ಖರ್ಚಾಗಿರುತ್ತದೆ. ಯಾರ ಹಸಿವೂ ನೀಗಿರುವುದಿಲ್ಲ. ಕಸದ ರಾಶಿಯಲ್ಲಿ ಕೊಳೆಯುವಾಗ ಅದೂ ಮೀಥೇನನ್ನೇ ಉಗುಳುತ್ತದೆ. ಕೈಯಿಂದ ಜಾರಿದ ತುತ್ತನ್ನೂ ಎತ್ತಿ ಶುಚಿ ಮಾಡಿ ತಿನ್ನಬೇಕೆಂದು ಕಲಿಸಿದ ಪ್ರವಾದಿಯ(ಸ) ಉಮ್ಮತ್ತು ನಾವು.

ಒಂದು ಕುರಿಯಿಂದಾದರೂ ವಲೀಮಾ ಕೊಡಲು ಅವರು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಹೇಳಿದ್ದುಂಟು. ಹ. ಸಫಿಯ್ಯಾ(ರ)ರೊಂದಿಗಿನ ಸ್ವತಃ ತಮ್ಮ ವಲೀಮಾದಲ್ಲಿ ಮಾಂಸವೂ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ. ಖರ್ಜೂರ, ಗಿಣ್ಣು, ತುಪ್ಪದ ಊಟವಿತ್ತು. ಎರಡೂ ಸುನ್ನತ್ತೇ. ಕುರಿ ಕಡಿಯಲು ಶಕ್ತಿಯಿಲ್ಲದವನು ತಲೆತಗ್ಗಿಸಬೇಕಾದ ಸಮಾಜ ಮಾತ್ರ ಸುನ್ನತ್ತಿನದ್ದಲ್ಲ.

ಕಸಾಯಿ ಮತ್ತು ಕುರಿಗಾಹಿ

ಮಾಂಸ ಕಡಿಮೆಯಾದರೆ ಕಸಾಯಿ ಅಂಗಡಿಯವರು, ಕುರಿ ಕಾಯುವವರು ಏನು ಮಾಡಬೇಕು? ಇದು ನಮ್ಮ ಹಲವು ಕುಟುಂಬಗಳ ಅನ್ನದ ಪ್ರಶ್ನೆ. ಊರಿನ ಬಯಲಲ್ಲಿ, ಕೊಯ್ಲಾದ ಹೊಲದಲ್ಲಿ ಮೇಯುವ ಕುರಿ ಮನುಷ್ಯನ ಆಹಾರವನ್ನು ಕಸಿಯುವುದಿಲ್ಲ. ರೈತರು ಹೊಲದಲ್ಲಿ ಮಂದೆ ಹಾಕಿಸಿ ಅದರ ಗೊಬ್ಬರ ಪಡೆಯುತ್ತಾರೆ. ಶೆಡ್ಡಿನಲ್ಲಿ ಬೆಳೆಯುವ ಕೋಳಿಯ ಅನಿಲದ ಲೆಕ್ಕ ಹಗುರವಾದರೂ ಅದು ತಿನ್ನುವುದು ಹೊಲದಲ್ಲಿ ಬೆಳೆದ ಮುಸುಕಿನ ಜೋಳ ಮತ್ತು ಸೋಯಾ. ಆದ್ದರಿಂದ ಕಡಿಮೆ ಕೊಳ್ಳೋಣ, ಒಳ್ಳೆಯದನ್ನು ಕೊಳ್ಳೋಣ, ಹತ್ತಿರದವರಿಂದ ಕೊಳ್ಳೋಣ, ಚೌಕಾಸಿ ಮಾಡದೆ ಸರಿಯಾದ ಬೆಲೆ ಕೊಡೋಣ. ಬಕೆಟ್ಟಿಗೆ ಬೀಳುವ ಮಾಂಸವನ್ನು ಉಳಿಸಿದರೆ ಯಾವ ಕಸಾಯಿಯ ಮನೆಯೂ ಮುಳುಗುವುದಿಲ್ಲ.

ನಮ್ಮ ಒಂದು ಮನೆಯ ದಾಲ್ಚಾದಿಂದ ಮಳೆ ಬಂದೀತೆಂದು ನಾವು ಹೇಳುವುದಿಲ್ಲ. ಕಾರ್ಖಾನೆ, ವಾಹನ, ಶ್ರೀಮಂತ ದೇಶಗಳ ಭೋಗ ಇವೆಲ್ಲ ಇನ್ನೂ ದೊಡ್ಡ ಲೆಕ್ಕ. ಆದರೆ ಲೆಕ್ಕದ ದಿನ ನಮ್ಮನ್ನು ಕೇಳುವುದು ನಮಗೆ ಕೊಟ್ಟ ಅನುಗ್ರಹಗಳ ಬಗ್ಗೆ, ನೆರೆಯವನ ತಟ್ಟೆಯ ಬಗ್ಗೆ ಅಲ್ಲ. ಈ ವಾರ ಒಂದು ದಿನ ಮಾಂಸದ ಬದಲು ಕಾಳು ಬೇಯಿಸೋಣ, ಇನ್ನೊಂದು ದಿನ ಸಾರಿಗೆ ನೀರು ಹೆಚ್ಚಿಸಿ ಪಕ್ಕದ ಮನೆಗೆ ಒಂದು ಬಟ್ಟಲು ಕಳಿಸೋಣ. ಆ ಮನೆ ಯಾವ ಧರ್ಮದವರದ್ದೆಂದು ನೋಡಬೇಕಿಲ್ಲ. ಅವರು ಮಾಂಸ ತಿನ್ನದವರಾದರೆ ಕಾಳು ಬೇಯಿಸಿದ ದಿನದ ಬಟ್ಟಲು ಕಳಿಸಿದರಾಯಿತು.

ತೂಕದಲ್ಲಿ ಮೀರದಂತೆ ಬಾಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ನಮ್ಮ ಕೆರೆಕಟ್ಟೆಗಳನ್ನು ತುಂಬಿಸಲಿ. ಆಮೀನ್.